ಪ್ರಬಂಧದಲ್ಲಿ ಬರೆದದ್ದು ಮನೆಯಲ್ಲೂ ನಡೆಯಲಿ

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಹೈಸ್ಕೂಲು, ಪಿಯು ಕಾಲೇಜುಗಳ ಮಕ್ಕಳು ಒಂದಷ್ಟು ಪ್ರಬಂಧಗಳನ್ನು ಉರು ಹೊಡೆಯಲು ಕೂರುತ್ತಾರೆ. ವರದಕ್ಷಿಣೆ ಎಂಬ ಪಿಡುಗು, ಜಾತಿ ಪದ್ಧತಿ, ಬಾಲ್ಯವಿವಾಹ, ಮಹಿಳಾ ಸಮಾನತೆ, ಸಾಮಾಜಿಕ ಜಾಲತಾಣಗಳ ಸಾಧಕ ಬಾಧಕ, ಮತದಾನದ ಮಹತ್ವ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಅಚ್ಚುಕಟ್ಟಾಗಿ ಬರೆಯುತ್ತಾರೆ. ಉಪಸಂಹಾರದಲ್ಲಿ ‘ಯುವಜನರು ಎಚ್ಚೆತ್ತುಕೊಳ್ಳಬೇಕು’ ಎನ್ನುವ ಸಾಲು ಇದ್ದೇ ಇರುತ್ತದೆ. ನೀವೂ ಬರೆದಿರುತ್ತೀರಿ, ಒಳ್ಳೆಯ ಅಂಕವೂ ಬಂದಿರುತ್ತದೆ. ಸಂತೋಷ. ಆದರೆ ಆ ಯುವಜನರು ಎಂದರೆ ಯಾರು? ಪಕ್ಕದ ಊರಿನವರೇ? ನೀವೇ ಅಲ್ಲವೇ?

ವರ್ಷಾನುಗಟ್ಟಲೆ ಮಕ್ಕಳಿಗೆ ಪಾಠ ಹೇಳಿ, ಇಂಥ ಉತ್ತರಪತ್ರಿಕೆಗಳನ್ನು ತಿದ್ದಿದವಳು ನಾನು. ನಿಮ್ಮ ಬರವಣಿಗೆಯಲ್ಲಿ ಕಳಕಳಿ ಇದೆ, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಒಂದೇ. ಬರೆದದ್ದು ಹಾಳೆಯ ಮೇಲೇ ಉಳಿದುಬಿಡುತ್ತದೆ. ‘ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ’ ಎಂಬ ಮಾತು ನಿಮ್ಮ ಬಗ್ಗೆ ಯಾರೂ ಆಡಬಾರದು. ಸಮಾಜದ ಸಮಸ್ಯೆ ಎಂದು ನೀವು ಕರೆಯುವ ಪ್ರತಿಯೊಂದೂ ಯಾರದೋ ಒಂದು ಮನೆಯಲ್ಲಿ, ಯಾರೋ ಒಬ್ಬರು ‘ಆಗಲಿ’ ಎಂದೋ ‘ಬೇಡ’ ಎಂದೋ ಹೇಳುವ ಹೊತ್ತಿನಲ್ಲಿ ನಡೆಯುವಂಥದ್ದು. ಆ ಹೊತ್ತು ನಿಮಗೂ ಬರುತ್ತದೆ. ಅದಕ್ಕೆ ಈಗಿನಿಂದಲೇ ಹೇಗೆ ತಯಾರಾಗಬೇಕು ಎಂದು ಒಂದೊಂದಾಗಿ ಹೇಳುತ್ತೇನೆ. ಕೂತು ಸಮಾಧಾನವಾಗಿ ಓದಿ.

ಮೊದಲು ಮಹಿಳಾ ಸಮಾನತೆ, ಏಕೆಂದರೆ ಅದಕ್ಕೆ ನಾಳೆಯವರೆಗೂ ಕಾಯಬೇಕಾಗಿಲ್ಲ. ಅಣ್ಣ ನಡುಮನೆಯಲ್ಲಿ ಕೂತು ‘ಹೆಣ್ಣು ಗಂಡು ಸಮಾನರು’ ಎಂದು ಬರೆಯುತ್ತಿರುತ್ತಾನೆ, ಅದೇ ಪರೀಕ್ಷೆ ಬರೆಯಬೇಕಾದ ತಂಗಿ ಒಳಗೆ ರೊಟ್ಟಿ ಬಡಿಯುತ್ತಿರುತ್ತಾಳೆ. ‘ಲೇ, ನೀರು ತಗೊಂಡು ಬಾ’ ಎಂದು ಕೂತಲ್ಲಿಂದಲೇ ಕೂಗು ಬೇರೆ. ಗಂಡುಮಕ್ಕಳೇ, ನಿಮಗೇ ಹೇಳುತ್ತಿದ್ದೇನೆ. ಉಂಡ ತಟ್ಟೆಯನ್ನು ನೀವೇ ತೊಳೆಯಿರಿ. ನಿಮ್ಮ ಬಟ್ಟೆಯನ್ನು ನೀವೇ ಒಗೆದು ಹರವಿ. ಅನ್ನ, ಸಾರು, ಒಂದು ಪಲ್ಯ ಮಾಡಲು ಕಲಿಯಿರಿ. ‘ಅಮ್ಮನಿಗೆ ಸಹಾಯ ಮಾಡಿದೆ’ ಎಂದು ಹೇಳಿಕೊಳ್ಳಬೇಡಿ, ಅದು ನಿಮ್ಮ ಮನೆಯ ಕೆಲಸ, ನಿಮ್ಮದೇ ಕೆಲಸ. ಹೆಣ್ಣುಮಕ್ಕಳೇ, ನೀವೂ ಕೇಳಿ. ಬ್ಯಾಂಕಿಗೆ ಹೋಗುವುದು, ಅರ್ಜಿ ತುಂಬುವುದು, ಊರಿಗೆ ಒಬ್ಬರೇ ಬಸ್ಸು ಹತ್ತುವುದು ಎಲ್ಲಕ್ಕೂ ಅಣ್ಣನನ್ನೋ ಅಪ್ಪನನ್ನೋ ಕಾಯಬೇಡಿ. ಇಂದು ಸಣ್ಣ ಕೆಲಸ ತಾವೇ ಮಾಡಿದವರು ನಾಳೆ ದೊಡ್ಡ ಮಾತನ್ನು ತಾವೇ ಆಡಬಲ್ಲರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಇನ್ನು ವರದಕ್ಷಿಣೆ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ಓದಿದವರೇ ಇದರಲ್ಲಿ ಹೆಚ್ಚು ಜಾರುತ್ತಾರೆ.

ವರದಕ್ಷಿಣೆ ಎಂದರೆ ಸಿನಿಮಾದಲ್ಲಿ ಬರುವಂತೆ ಮಾವನ ಮನೆಯವರು ಮೀಸೆ ತಿರುವಿ ಲಕ್ಷ ಲಕ್ಷ ಕೇಳುವುದು ಎಂದುಕೊಂಡಿದ್ದೀರಿ. ಈಗ ಹಾಗೆ ಯಾರೂ ಕೇಳುವುದಿಲ್ಲ. ಹುಡುಗಿ ನೋಡಲು ಬರುತ್ತಾರೆ, ಉಪ್ಪಿಟ್ಟು ಕೇಸರಿಭಾತು ಆಗುತ್ತದೆ, ಮಾತುಕತೆಗೆ ಕೂರುತ್ತಾರೆ. ‘ನಮಗೇನೂ ಬೇಡಪ್ಪ, ನಿಮ್ಮ ಮಗಳಿಗೆ ನೀವು ಏನು ಹಾಕ್ತೀರೋ ನಿಮಗೆ ಬಿಟ್ಟದ್ದು, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ’ ಎನ್ನುತ್ತಾರೆ. ಆಮೇಲೆ ಹುಡುಗನ ಸೋದರಮಾವ ಮೆಲ್ಲಗೆ ಹುಡುಗಿಯ ಅಪ್ಪನನ್ನು ಪಕ್ಕಕ್ಕೆ ಕರೆದು, ‘ದೊಡ್ಡ ಸೊಸೆಯ ಮನೆಯವರು ಇಷ್ಟು ಹಾಕಿದ್ದರು’ ಎಂದು ಹೇಳುತ್ತಾನೆ. ಹುಡುಗನಿಗೆ ಒಂದು ಚೈನು, ಉಂಗುರ, ಬೈಕು, ದೊಡ್ಡ ಛತ್ರ, ಎರಡು ಹೊತ್ತಿನ ಊಟ. ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಆದರೂ ಅಪ್ಪ ಹೊಲ ಅಡವಿಟ್ಟ. ಈ ಮಾತುಕತೆ ನಡೆಯುವಾಗ ಹುಡುಗ ಎಲ್ಲಿದ್ದ? ಅದೇ ಕೋಣೆಯಲ್ಲಿ, ತಲೆ ತಗ್ಗಿಸಿ ಮೊಬೈಲು ನೋಡುತ್ತ ಕೂತಿದ್ದ. ‘ಹಿರಿಯರು ಮಾಡಿದ್ದು, ನನಗೇನು ಗೊತ್ತು’ ಎನ್ನುತ್ತಾನೆ. ಪ್ರಬಂಧ ಬರೆದವನು ಅವನೇ.

ನೀವು ಹಾಗೆ ಮಾಡಬೇಡಿ. ಕಾನೂನು ಏನು ಹೇಳುತ್ತದೆ ಎಂದು ಈಗಲೇ ತಿಳಿದುಕೊಳ್ಳಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ತೆಗೆದುಕೊಳ್ಳುವುದೂ ತಪ್ಪು, ಕೊಡುವುದೂ ತಪ್ಪು. ಶಿಕ್ಷೆ ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆ ಇಲ್ಲದ ಸೆರೆವಾಸ, ಜೊತೆಗೆ 15,000 ರೂಪಾಯಿ ಅಥವಾ ವರದಕ್ಷಿಣೆಯ ಬೆಲೆ, ಯಾವುದು ಹೆಚ್ಚೋ ಅಷ್ಟಕ್ಕೆ ಕಡಿಮೆ ಇಲ್ಲದ ದಂಡ. ಕೈಗೆ ಹಣ ಬಾರದೆ ಬರೀ ಕೇಳಿದ್ದಕ್ಕೂ ಶಿಕ್ಷೆಯಿದೆ. ವರದಕ್ಷಿಣೆಯಾಗಿ ಕೊಟ್ಟದ್ದು ಯಾರ ಕೈ ಸೇರಿದ್ದರೂ ಮೂರು ತಿಂಗಳೊಳಗೆ ಆ ಹೆಣ್ಣುಮಗಳಿಗೇ ಒಪ್ಪಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ನೊಂದವರು ತಾವು ಕೊಟ್ಟದ್ದನ್ನು ದೂರಿನಲ್ಲಿ ಹೇಳಿದರೆ ಆ ಹೇಳಿಕೆಗಾಗಿ ಅವರ ಮೇಲೇ ಮೊಕದ್ದಮೆ ಹೂಡುವಂತಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ, ಹೆದರಿ ಸುಮ್ಮನಿರುತ್ತಾರೆ. ಮದುವೆಯಾದ ಏಳು ವರ್ಷದೊಳಗೆ ವರದಕ್ಷಿಣೆಗಾಗಿ ಹಿಂಸೆ ಅನುಭವಿಸಿದ ಹೆಣ್ಣು ಅಸಹಜವಾಗಿ ಸತ್ತರೆ ಅದು ವರದಕ್ಷಿಣೆ ಸಾವು. ಅದಕ್ಕೆ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ.

‘ಮಗಳಿಗೆ ಪಾಲು ಕೊಡುವ ಬದಲು ಮದುವೆಯಲ್ಲಿ ಕೊಟ್ಟೆವು’ ಎನ್ನುವ ವಾದವನ್ನು ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ಅದಕ್ಕೂ ಉತ್ತರ ಇಟ್ಟುಕೊಳ್ಳಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ಆದರೆ ಅದು ಆಗ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ ಅನ್ವಯಿಸುತ್ತಿತ್ತು. 2005ರ ತಿದ್ದುಪಡಿ ದೇಶಕ್ಕೆಲ್ಲ ಆ ಹಕ್ಕನ್ನು ವಿಸ್ತರಿಸಿತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಮತ್ತೆ ಸ್ಪಷ್ಟಪಡಿಸಿತು. ಮದುವೆಯಲ್ಲಿ ಕೊಟ್ಟ ಬೈಕು ಅಳಿಯನ ಹೆಸರಲ್ಲಿರುತ್ತದೆ, ಛತ್ರದ ಬಾಡಿಗೆ ಛತ್ರದವರಿಗೆ ಹೋಗುತ್ತದೆ. ಅದರಲ್ಲಿ ಮಗಳ ಪಾಲು ಯಾವುದು? ಇದನ್ನು ಅಪ್ಪನ ಹತ್ತಿರ ಕೂತು ಲೆಕ್ಕ ಹಾಕಿ ತೋರಿಸಿ, ಅವರಿಗೇ ಅರ್ಥವಾಗುತ್ತದೆ.

ಗಂಡುಮಕ್ಕಳು ಮಾಡಬೇಕಾದದ್ದು ಇಷ್ಟು. ನಿಮ್ಮ ಮದುವೆಯ ಮಾತು ಮನೆಯಲ್ಲಿ ಏಳುವ ಮೊದಲೇ, ಅಕ್ಕನ ಮದುವೆಯ ಹೊತ್ತಿಗೋ ಹಬ್ಬಕ್ಕೆ ಎಲ್ಲರೂ ಸೇರಿದಾಗಲೋ, ‘ನನ್ನ ಮದುವೆಗೆ ಏನನ್ನೂ ತೆಗೆದುಕೊಳ್ಳುವುದಿಲ್ಲ’ ಎಂದು ಹೇಳಿಬಿಡಿ. ಮಾತುಕತೆಯ ದಿನ ಹೇಳಿದರೆ ಹಿರಿಯರಿಗೆ ಮುಖಭಂಗ, ಮೊದಲೇ ಹೇಳಿದರೆ ಅದು ನಿಮ್ಮ ಮನೆಯ ರೀತಿ ಆಗುತ್ತದೆ. ಹೆಣ್ಣುಮಕ್ಕಳೇ, ಓದು ಮುಗಿಸಿ, ಕೈಯಲ್ಲಿ ಒಂದು ಸಂಪಾದನೆ ಹಿಡಿದುಕೊಂಡು ಮದುವೆಯ ಮಾತಿಗೆ ಕೂತುಕೊಳ್ಳಿ. ‘ನನಗಾಗಿ ಸಾಲ ಮಾಡಬೇಡಿ’ ಎಂಬ ಮಾತಿಗೆ ಆಗ ತೂಕ ಬರುತ್ತದೆ. ಅದ್ದೂರಿ ಮದುವೆಯೇ ಗೌರವ ಎಂದು ಯಾರಾದರೂ ಹೇಳಿದರೆ ಕುವೆಂಪು ಅವರ ಮಂತ್ರಮಾಂಗಲ್ಯವನ್ನು ನೆನಪಿಸಿ. ಜ್ಞಾನಪೀಠ ಪಡೆದ ಕವಿ, ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು 1966ರಲ್ಲಿ ಆಡಂಬರವಿಲ್ಲದೆ, ಪ್ರತಿಜ್ಞೆಯ ಮಾತುಗಳೊಂದಿಗೆ ಮಾಡಿದರು. ಅವರ ಗೌರವಕ್ಕೆ ಏನಾದರೂ ಕುಂದು ಬಂತೇ? ಇಂದಿಗೂ ನಮ್ಮಲ್ಲಿ ಎಷ್ಟೋ ಜೋಡಿಗಳು ಹಾಗೆಯೇ ಮದುವೆಯಾಗುತ್ತಾರೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಹೊರೆಯನ್ನು ಇಳಿಸುವುದು ನಿಮ್ಮ ಕೈಯಲ್ಲಿದೆ.

ಮೂರನೆಯದು ಜಾತಿ. ‘ಜಾತಿ ತೊಲಗಬೇಕು’ ಎಂದು ಬರೆಯುತ್ತೀರಿ, ಹಾಸ್ಟೆಲಿಗೆ ಹೊಸಬರು ಬಂದ ದಿನವೇ ‘ನೀವು ಯಾವ ಜನ?’ ಎಂದು ಕೇಳುತ್ತೀರಿ. ನೇರವಾಗಿ ಕೇಳಲು ಸಂಕೋಚವಾದರೆ ‘ಪೂರ್ತಿ ಹೆಸರೇನು? ಮನೆದೇವರು ಯಾವುದು? ಊರಲ್ಲಿ ಮನೆ ಯಾವ ಕಡೆ?’ ಎಂದು ಸುತ್ತಿ ಬಳಸಿ ಕೇಳುತ್ತೀರಿ. ಕೇಳಿಸಿಕೊಂಡವರಿಗೆ ಯಾಕೆ ಕೇಳಿದಿರೆಂದು ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ಅವರು ಚಿಕ್ಕಂದಿನಿಂದ ಈ ಪ್ರಶ್ನೆಯ ಎಲ್ಲ ವೇಷಗಳನ್ನೂ ನೋಡಿದವರು. ಆ ಪ್ರಶ್ನೆಯನ್ನು ಇಂದಿನಿಂದಲೇ ಬಿಟ್ಟುಬಿಡಿ. ಊಟಕ್ಕೆ ಕೂತಾಗ ಎಲೆಯ ಪಕ್ಕ ಯಾರಿದ್ದಾರೆಂದು ನೋಡಬೇಡಿ. ಗೆಳೆಯರನ್ನು ಮನೆಗೆ ಕರೆದುಕೊಂಡು ಹೋದರೆ ಜಗಲಿಯಲ್ಲಿ ಕೂರಿಸಬೇಡಿ, ನಡುಮನೆಯಲ್ಲಿ ಕೂರಿಸಿ, ನೀವು ಉಣ್ಣುವ ತಟ್ಟೆಯಲ್ಲೇ ಬಡಿಸಿ. ಅಜ್ಜಿ ಏನಾದರೂ ಗೊಣಗಿದರೆ ಗೆಳೆಯರೆದುರು ಅಜ್ಜಿಯ ಮೇಲೆ ಕೂಗಾಡಬೇಡಿ, ಅವರು ಹೋದ ಮೇಲೆ ಕೂತು ತಿಳಿಸಿ ಹೇಳಿ. ಮುಂದಿನ ಸಲ ಮತ್ತೆ ಅದೇ ಗೆಳೆಯರನ್ನು ಕರೆತನ್ನಿ. ಅಜ್ಜಿಗೆ ಅಭ್ಯಾಸವಾಗುತ್ತದೆ.

ಮೀಸಲಾತಿಯ ಬಗ್ಗೆ ಕ್ಯಾಂಟೀನಿನಲ್ಲಿ ಕೂತು ಹಗುರವಾಗಿ ಮಾತಾಡುವ ಚಟ ನಿಮ್ಮಲ್ಲಿ ಕೆಲವರಿಗಿದೆ. ಮಾತಾಡುವ ಮೊದಲು ಓದಿ. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ನೌಕರಿಗಳು ಕೆಲವೇ ಜನರ ಪಾಲಾಗುತ್ತಿವೆ ಎಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ, ಮಿಲ್ಲರ್ ಸಮಿತಿ ನೇಮಕವಾಯಿತು. 1975ರಲ್ಲಿ ಹಿಂದುಳಿದ ವರ್ಗಗಳ ಕುರಿತು ಹಾವನೂರು ಆಯೋಗ ವರದಿ ಕೊಟ್ಟಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ದಲಿತ ಮಕ್ಕಳಿಗಾಗಿ ಶಾಲೆ ನಡೆಸಿ ತಮ್ಮ ಜನರಿಂದಲೇ ಬಹಿಷ್ಕಾರ ಉಂಡರು. ಕಲಿತ ದಲಿತ ಮಕ್ಕಳು ಕಾರಿನಲ್ಲಿ ಹೋಗಿ, ಆ ಧೂಳು ತಮ್ಮ ತಲೆಗೆ ಬೀಳಬೇಕೆಂದು ಆಸೆಪಟ್ಟವರು ಅವರು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು, ಅದನ್ನು ಆಚರಿಸುವವರಿಗೆ ಶಿಕ್ಷೆ ಕೊಡುವ ಕಾನೂನು 1955ರಲ್ಲೇ ಬಂತು. ಇಷ್ಟು ದೂರದಿಂದ ನಡೆದು ಬಂದ ದಾರಿಯನ್ನು ತಿಳಿಯದೆ ಪಕ್ಕದಲ್ಲಿ ಕೂತ ಸಹಪಾಠಿಯ ಸೀಟಿನ ಬಗ್ಗೆ ಚುಚ್ಚು ಮಾತಾಡುವುದು ಓದಿದವರಿಗೆ ಶೋಭೆಯಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಜಾತಿ ಮೀರಿ ಮದುವೆಯಾಗುವ ಮಾತು ಬಂದರೆ ಎರಡು ಬುದ್ಧಿಮಾತು. ಒಂದು, ಆತುರ ಬೇಡ. ಹೆಣ್ಣಿಗೆ 18, ಗಂಡಿಗೆ 21 ತುಂಬಿರಲೇಬೇಕು. ಓದು ಮುಗಿಸಿ, ಇಬ್ಬರೂ ನಿಮ್ಮ ಕಾಲ ಮೇಲೆ ನಿಂತ ಮೇಲೆ ನಿರ್ಧರಿಸಿ. ಇನ್ನೊಂದು, ಹಾಗೆ ನಿರ್ಧರಿಸಿದರೆ ಕದ್ದು ಓಡಬೇಡಿ, ಕಾನೂನಿನ ದಾರಿ ತೆರೆದೇ ಇದೆ. ಧರ್ಮ, ಜಾತಿ ನೋಡದೆ ಮದುವೆ ನೋಂದಾಯಿಸಲು 1954ರ ವಿಶೇಷ ವಿವಾಹ ಕಾಯ್ದೆ ಇದೆ, ಮೂವತ್ತು ದಿನ ಮುಂಚೆ ನೋಟಿಸು ಕೊಡಬೇಕು. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗುವುದಕ್ಕೆ ಕುಟುಂಬದ ಅಥವಾ ಸಮುದಾಯದ ಅಪ್ಪಣೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಜೀವಭಯ ಇದ್ದರೆ ಪೊಲೀಸರ ರಕ್ಷಣೆ ಕೇಳಿ, ಧೈರ್ಯ ತೋರಿಸಲು ಹೋಗಿ ಅಪಾಯಕ್ಕೆ ಸಿಕ್ಕಿಬೀಳಬೇಡಿ.

ನಾಲ್ಕನೆಯದು ಬಾಲ್ಯವಿವಾಹ. ಇದು ಅಜ್ಜಿಯ ಕಾಲದ ಕಥೆ ಎಂದುಕೊಂಡಿದ್ದರೆ ನಿಮ್ಮ ತರಗತಿಯ ಹಾಜರಿ ಪುಸ್ತಕ ನೋಡಿ. ಬೇಸಿಗೆ ರಜೆಗೆ ಹೋದ ಹುಡುಗಿಯರಲ್ಲಿ ಯಾರಾದರೂ ತಿರುಗಿ ಬಾರದೆ ಉಳಿದಿದ್ದಾರೆಯೇ? 1929ರ ಶಾರದಾ ಕಾಯ್ದೆ ಹೆಣ್ಣಿನ ಮದುವೆಯ ವಯಸ್ಸನ್ನು 14 ಎಂದಿಟ್ಟಿತ್ತು. 1978ರಲ್ಲಿ ಅದು 18 ಆಯಿತು, ಗಂಡಿಗೆ 21. 2006ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ಮಾಡಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಹೆತ್ತವರೂ, ಮದುವೆಗೆ ಹೋಗಿ ಭಾಗವಹಿಸಿದವರೂ ಅದರಲ್ಲಿ ಸೇರುತ್ತಾರೆ. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ತಿದ್ದುಪಡಿಯ ಮೂಲಕ, ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಸಾರಿದೆ.

ಹಾಗಾದರೆ ನೀವು ಏನು ಮಾಡಬೇಕು? ಗೆಳತಿ ಸಪ್ಪಗಿದ್ದರೆ ಕಾರಣ ಕೇಳಿ. ‘ಊರಿಗೆ ಕರೀತಿದ್ದಾರೆ, ಅತ್ತೆ ಮಗನಿಗೆ ಕೊಡ್ತಾರಂತೆ’ ಎಂದರೆ ಅದನ್ನು ನಗೆಗೆ ಬಿಡಬೇಡಿ, ಬೇರೆ ಗೆಳತಿಯರಿಗೆ ಹಂಚಬೇಡಿ. ನೇರವಾಗಿ ನಂಬಿಕಸ್ಥ ಟೀಚರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ, ದುಡ್ಡು ಬೀಳುವುದಿಲ್ಲ. ನಿಮ್ಮ ಹೆಸರು ಹೊರಗೆ ಬರಬಾರದು ಎಂದು ಅಲ್ಲೇ ಕೇಳಿಕೊಳ್ಳಿ. ಮದುವೆ ಯಾವ ದಿನ, ಯಾವ ಊರು, ಹುಡುಗಿಯ ವಯಸ್ಸೆಷ್ಟು, ಇಷ್ಟು ವಿವರ ಸ್ಪಷ್ಟವಾಗಿ ಕೊಡಿ. ಮದುವೆಗೆ ಮುಂಚೆಯೇ ತಿಳಿದರೆ ನ್ಯಾಯಾಲಯದಿಂದ ತಡೆಯಾಜ್ಞೆ ತರುವುದಕ್ಕೂ ಅವಕಾಶವಿದೆ. ನೀವೇ ಹತ್ತು ಜನ ಹುಡುಗರನ್ನು ಕಟ್ಟಿಕೊಂಡು ಛತ್ರಕ್ಕೆ ನುಗ್ಗಬೇಡಿ, ಅದು ನಿಮ್ಮ ಕೆಲಸವಲ್ಲ. ಮದುವೆ ನಿಂತ ಮೇಲೆ ಆ ಹುಡುಗಿಯ ಜೊತೆ ನಿಲ್ಲುವುದು ಮಾತ್ರ ನಿಮ್ಮ ಕೆಲಸ. ಊರಿನವರು ಅವಳನ್ನು ಆಡಿಕೊಳ್ಳುವಾಗ ಅವಳ ಪಕ್ಕದ ಬೆಂಚಿನಲ್ಲಿ ಕೂತುಕೊಳ್ಳಿ, ತಪ್ಪಿಹೋದ ಪಾಠದ ನೋಟ್ಸು ಕೊಡಿ. ಅವಳು ಓದು ಮುಂದುವರಿಸಿದರಷ್ಟೇ ತಡೆದದ್ದು ಸಾರ್ಥಕ.

ಐದನೆಯದು ನಿಮ್ಮ ಕೈಯಲ್ಲಿರುವ ಮೊಬೈಲು. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯಲ್ಲಿ ನಡೆದದ್ದನ್ನು ಮರೆಯಬೇಡಿ. ಹೈದರಾಬಾದ್ ಕಡೆಯಿಂದ ಬಂದಿದ್ದ ಕೆಲವು ಗೆಳೆಯರಲ್ಲಿ ಒಬ್ಬರು ಶಾಲೆಯ ಮಕ್ಕಳಿಗೆ ಪ್ರೀತಿಯಿಂದ ಚಾಕೊಲೇಟು ಕೊಟ್ಟರು. ಅಷ್ಟಕ್ಕೇ ‘ಮಕ್ಕಳ ಕಳ್ಳರು’ ಎಂಬ ಗುಲ್ಲೆದ್ದು ವಾಟ್ಸಾಪಿನಲ್ಲಿ ಹರಡಿತು. ಅವರ ಕಾರು ಮುರ್ಕಿ ಎಂಬ ಊರು ಮುಟ್ಟುವಷ್ಟರಲ್ಲಿ ಜನ ರಸ್ತೆಗೆ ಅಡ್ಡ ನಿಂತಿದ್ದರು. ಒಬ್ಬ ಯುವ ಎಂಜಿನಿಯರ್ ಅಲ್ಲೇ ಹೊಡೆತ ತಿಂದು ಸತ್ತರು. ಕಲ್ಲು, ದೊಣ್ಣೆ ಹಿಡಿದವರು ಒಂದಷ್ಟು ಜನ. ಆದರೆ ‘ನಿಜವೋ ಸುಳ್ಳೋ ಗೊತ್ತಿಲ್ಲ, ಯಾವುದಕ್ಕೂ ಇರಲಿ’ ಎಂದು ಬೆರಳಾಡಿಸಿ ಮುಂದಕ್ಕೆ ಕಳಿಸಿದವರು ಎಷ್ಟು ಜನವೋ. ಅವರಲ್ಲಿ ಯಾರೂ ತಮ್ಮನ್ನು ಕೊಲೆಗಾರರೆಂದು ಎಣಿಸಿರಲಿಕ್ಕಿಲ್ಲ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಕಂಪನಿ ಹಾಕುವ ಮಿತಿಗಿಂತ ನೀವು ಹಾಕಿಕೊಳ್ಳುವ ಮಿತಿ ದೊಡ್ಡದು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದ ನಾಡು ನಮ್ಮದು. ಕಾಣದ್ದನ್ನು, ಕೇಳದ್ದನ್ನು ಪ್ರಮಾಣಿಸದೆ ಕಳಿಸುತ್ತೀರಲ್ಲ, ಸರಿಯೇ? ಸಿಟ್ಟು ಬರಿಸುವ, ಹೆದರಿಸುವ ಸಂದೇಶ ಬಂದರೆ ಮೊದಲು ಫೋನು ಕೆಳಗಿಡಿ. ತಾರೀಕು ಇದೆಯೇ, ಊರಿನ ಹೆಸರು ಇದೆಯೇ, ಯಾವುದಾದರೂ ಪತ್ರಿಕೆಯಲ್ಲಿ ಬಂದಿದೆಯೇ ನೋಡಿ. ಹಳೆಯ ವಿಡಿಯೊಗೆ ಹೊಸ ಊರಿನ ಹೆಸರು ಅಂಟಿಸಿ ಬಿಡುವುದು ಇಂಥವರ ದಿನನಿತ್ಯದ ಕಸುಬು. ಖಾತ್ರಿಯಾಗದಿದ್ದರೆ ನಿಮ್ಮಲ್ಲೇ ನಿಲ್ಲಿಸಿ. ಒಂದು ಧರ್ಮದವರನ್ನೋ ಒಂದು ಜಾತಿಯವರನ್ನೋ ಹೀನಾಯ ಮಾಡುವ ಸಂದೇಶವನ್ನಂತೂ ನಿಜವೋ ಸುಳ್ಳೋ ಎಂದು ನೋಡುವ ಮೊದಲೇ ನಿಲ್ಲಿಸಿ. ಮನೆಯ ಗ್ರೂಪಿನಲ್ಲಿ ದೊಡ್ಡಪ್ಪ ಅಂಥದ್ದನ್ನು ಹಾಕಿದರೆ ಎಲ್ಲರೆದುರು ಅವರಿಗೆ ಪಾಠ ಹೇಳಬೇಡಿ. ಬೇರೆಯಾಗಿ ಫೋನು ಮಾಡಿ, ‘ದೊಡ್ಡಪ್ಪ, ಇದು ಸುಳ್ಳಂತೆ, ತೆಗೆದುಬಿಡಿ’ ಎನ್ನಿ. ಮಾತು ಬಲ್ಲವನಿಗೆ ಜಗಳವಿಲ್ಲ.

ಆರನೆಯದು ವೋಟು. ಮತದಾನದ ವಯಸ್ಸು ಮೊದಲು 21 ಇತ್ತು. ಸಂವಿಧಾನದ 61ನೆಯ ತಿದ್ದುಪಡಿ ಅದನ್ನು 18ಕ್ಕೆ ಇಳಿಸಿತು, 1989ರಿಂದ ಜಾರಿಗೆ ಬಂತು. ನಿಮ್ಮ ವಯಸ್ಸಿನವರ ಮೇಲೆ ದೇಶ ಇಟ್ಟ ನಂಬಿಕೆ ಅದು. ಹಾಗಿದ್ದೂ ‘ಎಲ್ಲರೂ ಕಳ್ಳರೇ, ಯಾರಿಗೆ ಹಾಕೋದು’ ಎಂದು ರಜೆ ಸಿಕ್ಕ ಖುಷಿಯಲ್ಲಿ ಪ್ರವಾಸ ಹೊರಡುತ್ತೀರಿ. ಹಾಗೆ ಮಾಡಬೇಡಿ. ಹೆಸರು ಸೇರಿಸಲು ನಮೂನೆ 6 ತುಂಬಬೇಕು. ಮೊದಲು ಜನವರಿ 1 ಒಂದೇ ಅರ್ಹತಾ ದಿನವಾಗಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ, ಹೀಗೆ ವರ್ಷಕ್ಕೆ ನಾಲ್ಕು ದಿನಗಳಿವೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಿಕೊಳ್ಳಬಹುದು. ಯಾವ ಅಭ್ಯರ್ಥಿಯೂ ಒಪ್ಪಿಗೆಯಾಗದಿದ್ದರೆ 2013ರಿಂದ ನೋಟಾ ಗುಂಡಿಯೂ ಇದೆ, ಮನೆಯಲ್ಲಿ ಕೂರುವುದಕ್ಕಿಂತ ಅದು ಮೇಲು. ಆದರೆ ಅದಕ್ಕೂ ಮೊದಲು ಅಭ್ಯರ್ಥಿಗಳ ಪ್ರಮಾಣಪತ್ರ ಓದಿ. ಆಸ್ತಿ ಎಷ್ಟು, ಓದು ಎಷ್ಟು, ಮೊಕದ್ದಮೆ ಎಷ್ಟು, ಎಲ್ಲ ಅದರಲ್ಲಿರುತ್ತದೆ. ದುಡ್ಡು, ಸೀರೆ, ಕುಕ್ಕರು ಹಂಚಲು ಬಂದವರ ಎದುರು ಬಾಗಿಲು ಹಾಕಿ. ಅಪ್ಪ ಹೇಳಿದ ಗುರುತಿಗೇ ಒತ್ತಬೇಕೆಂದಿಲ್ಲ. ಅಪ್ಪನ ಜೊತೆ ವಾದ ಮಾಡಿ ಮನೆಯ ನೆಮ್ಮದಿ ಕೆಡಿಸಬೇಕೆಂದೂ ಇಲ್ಲ. ಗುಟ್ಟಿನ ಮತದಾನ ಇರುವುದೇ ಅದಕ್ಕೆ.

ಇಷ್ಟೆಲ್ಲ ಓದಿದ ಮೇಲೆ ನಿಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆ ನನಗೆ ಗೊತ್ತು. ‘ಹೇಳೋದು ಸುಲಭ, ಮನೆಯಲ್ಲಿ ಒಪ್ಪಬೇಕಲ್ಲ’ ಎನ್ನುತ್ತೀರಿ. ನಿಜ, ಆಯ್ಕೆ ನಿಮ್ಮದೇ ಆದರೂ ಅನ್ನ ಹಾಕುವವರು ಹೆತ್ತವರು. ಅವರನ್ನು ಎದುರು ಹಾಕಿಕೊಂಡು ಗೆದ್ದರೂ ಮನಸ್ಸಿಗೆ ಸುಖವಿರುವುದಿಲ್ಲ. ಆದ್ದರಿಂದ ಮಾತಾಡುವ ರೀತಿಯನ್ನು ಕಲಿಯಿರಿ. ಅಪ್ಪ ಕೆಲಸದಿಂದ ದಣಿದು ಬಂದ ಹೊತ್ತಲ್ಲಿ, ನೆಂಟರ ಎದುರಲ್ಲಿ, ಸಾಲಗಾರರು ಬಂದು ಹೋದ ದಿನದಲ್ಲಿ ದೊಡ್ಡ ಮಾತು ತೆಗೆಯಬೇಡಿ. ಭಾನುವಾರ ಊಟವಾದ ಮೇಲೆ, ಎಲ್ಲರೂ ಸಮಾಧಾನವಾಗಿರುವಾಗ ಮಾತಾಡಿ. ಒಬ್ಬರೇ ಹೋರಾಡಬೇಡಿ, ನಿಮ್ಮ ಮಾತನ್ನು ಎತ್ತಿ ಹಿಡಿಯುವ ಚಿಕ್ಕಮ್ಮನನ್ನೋ ಸೋದರಮಾವನನ್ನೋ ಮೊದಲೇ ಒಪ್ಪಿಸಿ. ‘ನಿಮಗೇನೂ ಗೊತ್ತಾಗಲ್ಲ’ ಎಂಬ ಮಾತು ಮಾತ್ರ ಬಾಯಿಂದ ಬರಬಾರದು. ನಿಮ್ಮನ್ನು ಓದಿಸಿದ್ದೇ ಅವರು. ‘ಬೇಡ’ ಎನ್ನುವುದರ ಜೊತೆಗೆ ‘ಬದಲಿಗೆ ಹೀಗೆ ಮಾಡೋಣ’ ಎಂಬುದನ್ನೂ ಹೇಳಿ. ದೊಡ್ಡ ಛತ್ರ ಬೇಡ ಎಂದರೆ ಆ ಹಣದಲ್ಲಿ ತಂಗಿಯ ಓದಿಗೆ ಎಷ್ಟಾಗುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿ. ಮೊದಲ ದಿನವೇ ಒಪ್ಪಲಿಲ್ಲವೆಂದು ಊಟ ಬಿಡುವುದು, ಮನೆ ಬಿಡುತ್ತೇನೆ, ಸಾಯುತ್ತೇನೆ ಎಂದು ಬೆದರಿಸುವುದು ಬೇಡವೇ ಬೇಡ. ಮನಸ್ಸು ನಿಜವಾಗಿಯೂ ಅಷ್ಟು ಕುಸಿದಿದ್ದರೆ ನಾಚಿಕೆ ಪಡದೆ 14416ಕ್ಕೆ ಫೋನು ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಉಳಿದದ್ದಕ್ಕೆ ತಾಳ್ಮೆ ಇರಲಿ. ತಾಳಿದವನು ಬಾಳಿಯಾನು.

‘ನಾಲ್ಕು ಜನ ಏನಂದಾರು’ ಎಂಬ ಭಯವೂ ಇರುತ್ತದೆ. ಜನರ ಬಾಯಿಗೆ ಬೀಗ ಹಾಕಲಾಗುವುದಿಲ್ಲ. ಹದಿನೆಂಟಕ್ಕೆ ಮುಂಚೆ ಮಗಳ ಮದುವೆ ಮಾಡಿದರೂ ಅನ್ನುತ್ತಾರೆ, ಇಪ್ಪತ್ತೈದರವರೆಗೆ ಓದಿಸಿದರೂ ಅನ್ನುತ್ತಾರೆ. ಅಂದವರು ಸಾಲದ ಕಂತು ಕಟ್ಟಲು ಬರುವುದಿಲ್ಲ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಹೊರಟ ಸಾವಿತ್ರಿಬಾಯಿ ಫುಲೆಯವರ ಮೇಲೆ ಜನ ಸಗಣಿ, ಮಣ್ಣು ಎರಚುತ್ತಿದ್ದರು. ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗಿ, ಶಾಲೆಯಲ್ಲಿ ಉಟ್ಟುಕೊಂಡು ಪಾಠ ಶುರು ಮಾಡುತ್ತಿದ್ದರಂತೆ. ಬೈದವರ ಜೊತೆ ಬೀದಿಯಲ್ಲಿ ನಿಂತು ವಾದ ಮಾಡಿದ್ದರೆ ಅಂದಿನ ಪಾಠ ನಡೆಯುತ್ತಿರಲಿಲ್ಲ. ನೀವೂ ಅಷ್ಟೇ, ಮಾಡುವ ಕೆಲಸದ ಕಡೆ ಗಮನ ಕೊಡಿ.

ಈಗ ಕೆಲವು ಎಚ್ಚರಿಕೆಗಳು. ಒಳ್ಳೆಯದನ್ನು ಮಾಡಲು ಹೊರಟವರು ಬೇಗ ಜಾರುವುದು ಇಲ್ಲೇ. ನೀವು ವರದಕ್ಷಿಣೆ ಬೇಡವೆಂದಿರಿ ಎಂದಾಕ್ಷಣ ಕೊಟ್ಟು ಮದುವೆಯಾದ ಗೆಳತಿಯನ್ನು ಕೀಳಾಗಿ ನೋಡಬೇಡಿ. ಅವಳ ಮನೆಯಲ್ಲಿ ಏನೇನು ನಡೆಯಿತೋ ನಿಮಗೆ ಗೊತ್ತಿಲ್ಲ. ಮಾಡಿದ ಒಂದೊಂದು ಕೆಲಸವನ್ನೂ ಸ್ಟೇಟಸ್ಸಿಗೆ, ರೀಲ್ಸಿಗೆ ಹಾಕಬೇಡಿ. ನಿಮ್ಮಿಂದ ಸಹಾಯ ಪಡೆದವರ ಮುಖವನ್ನಂತೂ ತೋರಿಸಲೇಬೇಡಿ. ಯಾವುದಾದರೂ ಸಂಘಟನೆಗೆ ಸೇರುವ ಮೊದಲು ಅದನ್ನು ನಡೆಸುವವರು ಯಾರು, ದುಡ್ಡು ಎಲ್ಲಿಂದ ಬರುತ್ತದೆ, ನಿಮ್ಮಿಂದ ಏನು ಮಾಡಿಸುತ್ತಾರೆ ಎಂದು ವಿಚಾರಿಸಿ. ಘೋಷಣೆ ಕೂಗಿಸುವವರು ಬಹಳ, ಠಾಣೆಗೆ ಬಂದು ಬಿಡಿಸುವವರು ಕಡಿಮೆ. ಊರ ಉಸಾಬರಿಯಲ್ಲಿ ಓದು ಹಿಂದೆ ಬೀಳದಿರಲಿ. ಮನೆಯವರ ಜೊತೆ ಒರಟಾಗಿದ್ದು ಹೊರಗೆ ಸಮಾಜಸೇವೆ ಮಾಡಿದರೆ ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎನಿಸಿಕೊಳ್ಳುತ್ತೀರಿ.

ಎಲ್ಲವನ್ನೂ ಒಂದೇ ದಿನ ಹಿಡಿಯಬೇಡಿ, ಎರಡು ವಾರದಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತೀರಿ. ನಾನು ಹೇಳಿದವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ನೋಟುಬುಕ್ಕಿನ ಕೊನೆಯ ಪುಟದಲ್ಲಿ ‘ಸಮಾಜ ಹೀಗಾಗಬೇಕು’ ಎಂದಲ್ಲ, ‘ನಾನು ಹೀಗೆ ಮಾಡುತ್ತೇನೆ’ ಎಂದು ಒಂದೇ ಸಾಲು ಬರೆಯಿರಿ. ಕೆಳಗೆ ತಾರೀಕು ಹಾಕಿ. ಅದನ್ನು ನಿಮ್ಮನ್ನು ಮುಲಾಜಿಲ್ಲದೆ ಕೇಳಬಲ್ಲ ಒಬ್ಬ ಗೆಳೆಯನಿಗೋ ಗೆಳತಿಗೋ ತೋರಿಸಿ, ತಿಂಗಳು ಕಳೆದ ಮೇಲೆ ‘ಮಾಡಿದೆಯಾ?’ ಎಂದು ಕೇಳಲು ಹೇಳಿ. ಒಂದು ರೂಢಿಯಾದ ಮೇಲೆ ಇನ್ನೊಂದನ್ನು ಹಿಡಿಯಿರಿ. ಹನಿ ಹನಿ ಕೂಡಿದರೆ ಹಳ್ಳ. ನಿಮ್ಮ ಮೇಲೆ ನನಗೆ ಭರವಸೆ ಇರುವುದರಿಂದಲೇ ಇಷ್ಟು ಹೇಳಿದ್ದು, ಬೇಸರ ಮಾಡಿಕೊಳ್ಳಬೇಡಿ. ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ತಟ್ಟೆ ತೊಳೆಯುವುದರಿಂದ ಶುರು ಮಾಡಿ. 17 ತುಂಬಿದ್ದರೆ ಈ ವಾರವೇ ನಮೂನೆ 6 ತುಂಬಿ, ಮುಂದಕ್ಕೆ ಹಾಕಬೇಡಿ.